ಬ್ರೆಮ್ ಸಾಹೇಬರ ಲಾಗ್‌ಬುಕ್

ರೋಸಲಿನ್ ಕೊಲ್ಲಿ ದೇಶದ ಐನ್ ಖಾಲಿದ್‌ನ ನಮ್ಮ ಮನೆಗೆ ಬಂದದ್ದು 2005ರ ಏಪ್ರಿಲಿನ ಒಂದು ಶುಕ್ರವಾರ ಬೆಳಿಗ್ಗೆ. ನಾನೂ ಮಹಡಿಯ ಮನೆಯ ವಸಂತಕ್ಕನೂ ನೀರುದೋಸೆ ತಿನ್ನುತ್ತಿದ್ದೆವು. ಕುಳಿತುಕೋ ಎಂದರೆ ಅವಳು ಕುಳಿತುಕೊಳ್ಳಲಿಲ್ಲ. ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲಿಟ್ಟಳು.

"ಇದಕ್ಕೆ ಸಹಿ ಹಾಕಿದ್ರೆ ನಾಳೆಯ ಫ್ಲೈಟಿಗೆ ಊರಿಗೆ ಕಳಿಸ್ತಾರಂತೆ. ಹಾಕದಿದ್ರೆ ಪೊಲೀಸ್. ಪಾಸ್‌ಪೋರ್ಟ್ ಅವರ ಹತ್ರವೇ ಉಂಟು. ಆದ್ರೂ ನಾನು ಹಾಕುದಿಲ್ಲ ಅಕ್ಕ. ಕದಿಯದೆ ಕದ್ದೆ ಅಂತ ಬರ್ದು ಕೊಡುವವಳಲ್ಲ ನಾನು. ಪೊಲೀಸ್ ಬರುದಾದ್ರೆ ಬರ್ಲಿ!"



ರೋಸಲಿನ್ ಬಂಟ್ವಾಳದ ಕಡೆಯ ನರ್ಸ್. ನಮ್ಮಿಂದ ಎರಡು ಬೀದಿಯಾಚೆಯ ವಿಲ್ಲಾದಲ್ಲಿ ಕೊನ್ರಾಡ್ ಬ್ರೆಮ್ ಎಂಬ ಎಂಬತ್ತನಾಲ್ಕರ ಜರ್ಮನ್ ಮುದುಕರನ್ನು ನೋಡಿಕೊಳ್ಳುತ್ತಿದ್ದಳು. ಅವರು ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನ ಹಾರಿಸಿದವರು. ಮಗಳು ಉಲ್ರಿಕೆ ಮತ್ತು ಅಳಿಯ ರಾಲ್ಫ್ ಜೊತೆಯಲ್ಲಿದ್ದರು. ರಾಲ್ಫ್‌ಗೆ ವೆಸ್ಟ್ ಬೇಯಲ್ಲಿ ಸಮಾರಂಭಗಳನ್ನು ಏರ್ಪಡಿಸುವ ಕಚೇರಿ ಇತ್ತು. ಮರುವಾರ ಅಲ್ಲಿನ ಒಂದು ಹೋಟೆಲಿನಲ್ಲಿ ಮಾವನ ಯುದ್ಧಸಾಹಸದ ಪ್ರದರ್ಶನ ನಡೆಯಬೇಕಿತ್ತು. ಅಷ್ಟರಲ್ಲಿ ಮುದುಕರ ಲಾಗ್‌ಬುಕ್, ಎಂದರೆ ಪ್ರತಿಯೊಂದು ಹಾರಾಟವನ್ನೂ ತಾರೀಕಿನೊಂದಿಗೆ ಬರೆದಿಟ್ಟ ಪುಸ್ತಕ, ಕಾಣೆಯಾಗಿತ್ತು.

ವಸಂತಕ್ಕ ಕಾಗದವನ್ನು ಎರಡು ಸಲ ಓದಿದರು. ಅವರು ಮೆಸಯೀದ್‌ನ ಕಾರ್ಖಾನೆಯೊಂದರಲ್ಲಿ ಅಪಘಾತಗಳ ಕಾರಣ ಹುಡುಕುವ ವಿಭಾಗದಲ್ಲಿದ್ದರು. ಊರಿನವರ ಬಿಡಿಸಲಾಗದ ತಂಟೆಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ಕಾರು ಓಡಿಸಲು ಬಾರದ ಅವರಿಗೆ ನಾನು, ಗಣಿತದ ಟೀಚರ್ ನಫೀಸಾ, ಕಾಯಂ ಸಾರಥಿ.

"ನಫೀಸಾ, ಕೀ ತಗೊ. ಯಲ್ಲಾ, ಹೊರಡುವ" ಎಂದರು.

ಕಾರಿನಲ್ಲಿ ರೋಸಲಿನ್ ಎಲ್ಲವನ್ನೂ ಹೇಳಿದಳು. ಹಿಂದಿನ ಶನಿವಾರ ಮುದುಕರಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದರು. ಮಂಗಳವಾರ ಸಂಜೆಯವರೆಗೆ ಅವಳು ಅವರ ಹಾಸಿಗೆಯ ಪಕ್ಕದಿಂದ ಕದಲಿರಲಿಲ್ಲ. ಮನೆಗೆ ಬಂದ ಮೇಲೂ ಅವರು ಮಲಗಿಯೇ ಇದ್ದರು. ಗುರುವಾರ ಮಧ್ಯಾಹ್ನ ಮೊದಲ ಸಲ ಎದ್ದು ತಮ್ಮ ಓದುವ ಕೋಣೆಗೆ ಹೋದಾಗ ಪುಸ್ತಕ ಇರಲಿಲ್ಲ. ಆಗ ಮನೆಯಲ್ಲಿದ್ದವರು ಅವಳೂ ಮುದುಕರೂ ಮಾತ್ರ.

"ರಾಲ್ಫ್ ಜೊತೆ ಇತ್ತೀಚೆಗೆ ಜಗಳ ಉಂಟಾ?" ವಸಂತಕ್ಕ ಕೇಳಿದರು.

"ಜಗಳ ಎಂತ ಇಲ್ಲ. ಕಳೆದ ವಾರ ಪ್ರದರ್ಶನದ ಪೋಸ್ಟರ್ ತೋರಿಸಿದ್ರು. ತಾರೀಕು ತಪ್ಪುಂಟು ಸರ್ ಅಂದೆ. ಅವರು ಅದನ್ನು ಮಡಚಿ ತಗೊಂಡು ಹೋದ್ರು."

"ನಿನಗೆ ಹೇಗೆ ಗೊತ್ತು ತಪ್ಪು ಅಂತ?"

"ಅಜ್ಜನ ಹಳೆಯ ಕಾಯಿಲೆಗಳನ್ನೆಲ್ಲ ಡಾಕ್ಟರಿಗೋಸ್ಕರ ನಾನೇ ನೋಟ್‌ಬುಕ್ಕಲ್ಲಿ ಬರ್ಕೊಂಡದ್ದಲ್ವಾ?"



ವಿಲ್ಲಾದಲ್ಲಿ ಬಾಗಿಲು ತೆರೆದವನು ರಾಲ್ಫ್. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥ ನಗು. ಅಲ್ಲಿನ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು.

"ಇದು ಮನೆಯ ವಿಷಯ. ಹೊರಗಿನವರು ಬೇಡ" ಎಂದ.

"ಪೊಲೀಸರನ್ನು ಕರೆಯುತ್ತೇನೆ ಎಂದವರು ನೀವೇ. ಅವರೂ ಹೊರಗಿನವರೇ. ನಾನು ಅವರಿಗಿಂತ ಬೇಗ ಮುಗಿಸುತ್ತೇನೆ" ಎಂದರು ವಸಂತಕ್ಕ.

ಒಳಗಿನಿಂದ ಗೊಗ್ಗರು ಧ್ವನಿಯೊಂದು ಕೇಳಿಸಿತು. "ಬರಲಿ. ಈ ಮನೆಯಲ್ಲಿ ನಾನಿನ್ನೂ ಸತ್ತಿಲ್ಲ." ಗಾಲಿಕುರ್ಚಿಯಲ್ಲಿ ಬ್ರೆಮ್ ಸಾಹೇಬರಿದ್ದರು. ಮೈ ಒಣಗಿದ್ದರೂ ಕಣ್ಣು ಮಾತ್ರ ಚುರುಕಾಗಿತ್ತು.

ಓದುವ ಕೋಣೆಯ ಕಿಟಕಿಯ ಪಕ್ಕ ಒಂದು ತೆರೆದ ಮರದ ಕಪಾಟು. ಅದರ ಮೇಲಿನ ಹಲಗೆಯಲ್ಲಿ ವಿಮಾನದ ಪುಟ್ಟ ಮಾದರಿ, ದಿಕ್ಸೂಚಿ, ಒಂದು ಚಿತ್ರಪಟ. ನಡುವೆ ಖಾಲಿ ಜಾಗ. ಎಲ್ಲದರ ಮೇಲೂ ಧೂಳು.

"ಈ ಕಪಾಟನ್ನು ಒರೆಸುವವರು ಯಾರು?" ವಸಂತಕ್ಕ ಕೇಳಿದರು.

"ನಾನೇ, ಪ್ರತಿ ಶುಕ್ರವಾರ" ಎಂದಳು ಉಲ್ರಿಕೆ. ನಿದ್ದೆಗೆಟ್ಟ ಹೆಂಗಸು. "ಅಪ್ಪ ಬೇರೆಯವರಿಗೆ ಮುಟ್ಟಲು ಬಿಡುವುದಿಲ್ಲ. ಹೋದ ಶುಕ್ರವಾರ ಒರೆಸಿ ಪುಸ್ತಕವನ್ನು ಅಲ್ಲೇ ಇಟ್ಟೆ. ಇವತ್ತು ಏನನ್ನೂ ಮುಟ್ಟಬೇಡ ಎಂದು ರಾಲ್ಫ್ ಹೇಳಿದ್ದಾನೆ."

"ಮಂಗಳವಾರ ಮಧ್ಯಾಹ್ನ ಊರಿಗೆಲ್ಲ ಧೂಳಿನ ಬಿರುಗಾಳಿ ಬೀಸಿತ್ತಲ್ಲ, ಆಗ ಈ ಕಿಟಕಿ?"

"ತೆರೆದೇ ಇತ್ತು. ನಾನು ಆಸ್ಪತ್ರೆಯಲ್ಲಿದ್ದೆ. ಸಂಜೆ ಬಂದು ನೆಲ ಗುಡಿಸುವಷ್ಟರಲ್ಲಿ ಸಾಕಾಗಿತ್ತು, ಕಪಾಟಿನ ಕಡೆ ನೋಡಲಿಲ್ಲ."

"ಪುಸ್ತಕವನ್ನು ಕೊನೆಗೆ ಕಂಡವರು?"

"ನಾನು" ಎಂದ ರಾಲ್ಫ್. "ಗುರುವಾರ ಬೆಳಿಗ್ಗೆ ಆಫೀಸಿಗೆ ಹೊರಡುವಾಗ. ಇದೇ ಜಾಗದಲ್ಲಿ, ಕಣ್ಣಾರೆ ಕಂಡಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಇಲ್ಲ. ನಡುವೆ ಇಲ್ಲಿದ್ದವಳು ಇವಳೊಬ್ಬಳೇ. ಇಂಥ ವಸ್ತುಗಳಿಗೆ ಸಂಗ್ರಾಹಕರು ಕಾದಿರುತ್ತಾರೆ."

ವಸಂತಕ್ಕ ಪೋಸ್ಟರ್ ಕೇಳಿದರು. ಅವನು ಹಿಂಜರಿದ, ಉಲ್ರಿಕೆ ತಂದುಕೊಟ್ಟಳು. 'ಮರುಭೂಮಿಯ ಹದ್ದು: ನಲವತ್ತೆರಡು ವಿಜಯಗಳು' ಎಂದು ಮೇಲೆ, ತಾರೀಕುಗಳ ಪಟ್ಟಿ ಕೆಳಗೆ. 1942ರ ಅಕ್ಟೋಬರ್ ಕೊನೆಯ ಎರಡು ವಾರಗಳಲ್ಲೇ ಒಂಬತ್ತು ವಿಮಾನ ಉರುಳಿಸಿದರೆಂದಿತ್ತು.

"ರೋಸಲಿನ್, ನಿನ್ನ ನೋಟ್‌ಬುಕ್ ತಾ" ಎಂದ ವಸಂತಕ್ಕ ಕಪಾಟಿನ ಮುಂದೆ ನಿಂತರು. "ಎಲ್ಲರೂ ಹತ್ತಿರ ಬನ್ನಿ. ನಮ್ಮ ಕಾರ್ಖಾನೆಯಲ್ಲಿ ಪೈಪು ಸೋರಿದರೆ ನಾವು ತಪ್ಪು ಯಾರದೆಂದು ಮೊದಲು ಕೇಳುವುದಿಲ್ಲ. ಕೊನೆಗೆ ಯಾವಾಗ ಸರಿಯಾಗಿತ್ತು ಎಂದು ಕೇಳುತ್ತೇವೆ."

ಅವರು ವಿಮಾನದ ಮಾದರಿಯನ್ನು ಎತ್ತಿದರು. ಅಡಿಯಲ್ಲಿ ಅದರದೇ ಆಕಾರದಲ್ಲಿ ಹಲಗೆ ಹೊಳೆಯುತ್ತಿತ್ತು. ದಿಕ್ಸೂಚಿ ಎತ್ತಿದರು, ಸ್ವಚ್ಛವಾದ ಒಂದು ವೃತ್ತ. ಆಮೇಲೆ ಖಾಲಿ ಜಾಗವನ್ನು ತೋರಿಸಿದರು. ಅಲ್ಲಿ ಅಂಚಿನಿಂದ ಅಂಚಿಗೆ ಒಂದೇ ಸಮನಾದ ದಪ್ಪ ಧೂಳು.

"ಬಿರುಗಾಳಿ ಬೀಸಿದಾಗ ಪುಸ್ತಕ ಇಲ್ಲಿದ್ದಿದ್ದರೆ ಅದರ ಆಕಾರವೂ ಉಳಿಯಬೇಕಿತ್ತು. ಉಳಿದಿಲ್ಲ. ಎಂದರೆ ಶುಕ್ರವಾರ ಉಲ್ರಿಕೆ ಒರೆಸಿದ ಮೇಲೆ, ಮಂಗಳವಾರ ಬಿರುಗಾಳಿ ಏಳುವ ಮುಂಚೆ ಅದು ಹೋಗಿದೆ. ಶುಕ್ರವಾರ ಇಲ್ಲಿತ್ತೆಂದು ಸಾಹೇಬರಿಗೆ ನೆನಪಿದೆಯೆ?"

"ರಾತ್ರಿ ಊಟದ ನಂತರ ಓದಿದ್ದೇನೆ" ಎಂದರು ಮುದುಕರು.

"ಶನಿವಾರದಿಂದ ನೀವೂ ರೋಸಲಿನಳೂ ಆಸ್ಪತ್ರೆಯಲ್ಲಿ. ಹಾಗಿರುವಾಗ ಗುರುವಾರ ಬೆಳಿಗ್ಗೆ ರಾಲ್ಫ್ ಕಣ್ಣಾರೆ ಕಂಡದ್ದೇನು? ಇಲ್ಲದ್ದನ್ನು ಕಂಡೆನೆಂದು ಒಬ್ಬ ಹೇಳುವುದು ಯಾಕೆ? ಕಳವಿನ ಹೊತ್ತನ್ನು ರೋಸಲಿನ್ ಮನೆಯಲ್ಲಿದ್ದ ಹೊತ್ತಿಗೆ ಎಳೆದು ತರಬೇಕಿತ್ತು. ಅದಕ್ಕೇ."

"ಧೂಳಿನ ಮೇಲೆ ಕಟ್ಟಿದ ಕತೆ!" ರಾಲ್ಫ್ ನಕ್ಕ. "ನನ್ನ ಪ್ರದರ್ಶನದ ಮುಖ್ಯ ವಸ್ತುವನ್ನು ನಾನೇ ಕದಿಯುವುದೆ?"

ವಸಂತಕ್ಕ ರೋಸಲಿನಳ ನೋಟ್‌ಬುಕ್ ತೆರೆದು ಗಟ್ಟಿಯಾಗಿ ಓದಿದರು. "1942, ಅಕ್ಟೋಬರ್ 9ರಿಂದ ಆರು ವಾರ. ಕಾಮಾಲೆ. ಅಥೆನ್ಸಿನ ಆಸ್ಪತ್ರೆ." ಆಮೇಲೆ ಕೇಳಿದರು: "ಈ ತಾರೀಕು ಹೇಳಿದವರು ಯಾರು?"

"ಅಜ್ಜನೇ. ಲಾಗ್‌ಬುಕ್ ತೆರೆದು ನೋಡಿ ಹೇಳಿದ್ದು" ಎಂದಳು ರೋಸಲಿನ್.

"ಹಾಸಿಗೆ ಹಿಡಿದವರು ಅದೇ ಹೊತ್ತಿಗೆ ಮರುಭೂಮಿಯಲ್ಲಿ ಒಂಬತ್ತು ವಿಮಾನ ಉರುಳಿಸಲು ಆಗುತ್ತದೆಯೆ? ಲಾಗ್‌ಬುಕ್ ತೆರೆದರೆ ಪೋಸ್ಟರ್ ಸುಳ್ಳಾಗುತ್ತದೆ. ಇದನ್ನು ಬಾಯಿಬಿಟ್ಟು ಹೇಳಿದವಳು ಈ ಹುಡುಗಿ. ಅವಳು ಹೇಳಿದ ಕೆಲವೇ ದಿನಗಳಲ್ಲಿ ಪುಸ್ತಕ ಹೋಯಿತು. ಆಮೇಲೆ ಅವಳನ್ನೂ ವಿಮಾನ ಹತ್ತಿಸುವ ಏರ್ಪಾಡಾಯಿತು."

ಬ್ರೆಮ್ ಸಾಹೇಬರು ಪೋಸ್ಟರನ್ನು ಮೊಣಕಾಲಿನ ಮೇಲೆ ಹರಡಿಕೊಂಡು ನೋಡಿದರು. ಅದುವರೆಗೆ ಅವರಿಗದನ್ನು ಯಾರೂ ತೋರಿಸಿರಲಿಲ್ಲ.

"ನಲವತ್ತೆರಡು?" ಎಂದರು. "ಹನ್ನೊಂದು, ರಾಲ್ಫ್. ನಾನು ಬೀಳಿಸಿದ್ದು ಹನ್ನೊಂದು. ಇಪ್ಪತ್ತೊಂದು ವರ್ಷದವನಿದ್ದೆ. ಕೆಟ್ಟ ಜನರಿಗಾಗಿ, ಕೆಟ್ಟ ಕೆಲಸಕ್ಕಾಗಿ ಹಾರಿದೆ. ಹಾರು ಎಂದರು, ಹಾರಿದೆ ಎನ್ನುವುದು ಉತ್ತರವಲ್ಲ. ಆ ಹನ್ನೊಂದು ವಿಮಾನಗಳಲ್ಲಿದ್ದವರನ್ನು ಅರವತ್ತು ವರ್ಷ ಹೊತ್ತಿದ್ದೇನೆ. ಬದುಕಿ ಉಳಿದವರನ್ನೂ ಸತ್ತವರನ್ನಾಗಿ ಮಾಡಿ ನನ್ನ ತಲೆಗೆ ಕಟ್ಟುತ್ತೀಯಾ? ಒಂದನ್ನೂ ಸೇರಿಸಲು ಬಿಡುವುದಿಲ್ಲ."

"ಹನ್ನೊಂದಕ್ಕೆ ಯಾರು ಬರುತ್ತಾರೆ?" ರಾಲ್ಫ್‌ನ ಬಾಯಿಂದ ಮಾತು ಜಾರಿತು. "ಅತಿಥಿಗಳಿಗೆ ಕೊಟ್ಟ ಮಾತು..." ಅಲ್ಲಿಗೇ ನಿಲ್ಲಿಸಿದ. ಹೇಳಬಾರದ್ದನ್ನು ಆಗಲೇ ಹೇಳಿಯಾಗಿತ್ತು.

"ಪುಸ್ತಕವನ್ನು ಸುಟ್ಟಿರಲಾರರು" ಎಂದರು ವಸಂತಕ್ಕ ಉಲ್ರಿಕೆಯ ಕಡೆ ತಿರುಗಿ. "ಗಾಜಿನೊಳಗೆ ಮುಚ್ಚಿಟ್ಟು ತೋರಿಸಲು ಅದು ಬೇಕಿತ್ತು. ಪ್ರದರ್ಶನದ ಹೊತ್ತಿಗೆ ಎಲ್ಲೋ ಸಿಕ್ಕಿತೆಂದು ತರುತ್ತಿದ್ದರು. ಮನೆಯಲ್ಲಿ ನಿಮ್ಮ ಕಣ್ಣಿಗೆ ಬೀಳಬಾರದು, ಅವರ ಕೈಗೂ ದೂರವಿರಬಾರದು."

ಉಲ್ರಿಕೆ ಗಂಡನ ಮುಂದೆ ಕೈಚಾಚಿದಳು. "ಕಾರಿನ ಕೀ."

"ಉಲ್ರಿಕೆ, ಕೇಳು..."

"ಕೀ."

ಡಿಕ್ಕಿಯಲ್ಲಿ, ಸ್ಟೆಪ್ನಿ ಟಯರಿನ ಕೆಳಗೆ, ಹೋಟೆಲಿನ ಟವೆಲಿನಲ್ಲಿ ಸುತ್ತಿಟ್ಟಿದ್ದ ಪುಸ್ತಕ ಸಿಕ್ಕಿತು. ಅವಳು ಅದನ್ನು ತಂದೆಯ ಮಡಿಲಿಗೆ ಕೊಟ್ಟಳು. ಆಮೇಲೆ ಗಂಡನ ಮೇಜಿನ ಡ್ರಾಯರಿನಿಂದ ಪಾಸ್‌ಪೋರ್ಟ್ ತೆಗೆದು ರೋಸಲಿನಳ ಕೈಗಿಟ್ಟಳು. ಕ್ಷಮಿಸು ಎಂದಳು.

"ನೀವಲ್ಲ ಮೇಡಂ, ಅವರು ಹೇಳಬೇಕು" ಎಂದಳು ರೋಸಲಿನ್. "ನನ್ನ ಮುಖ ನೋಡಿ ಹೇಳಬೇಕು."

ರಾಲ್ಫ್ ನೆಲ ನೋಡಿದ. ಅವಳು ಕಾದಳು. ಅವನು ತಲೆ ಎತ್ತಿ ಹೇಳುವವರೆಗೂ ಯಾರೂ ಆ ಕೋಣೆಯಿಂದ ಅಲುಗಲಿಲ್ಲ.

ಪ್ರದರ್ಶನ ರದ್ದಾಗುತ್ತದೆಂದು ನಾನು ತಿಳಿದಿದ್ದೆ. ಬ್ರೆಮ್ ಸಾಹೇಬರು ಒಪ್ಪಲಿಲ್ಲ. "ಜನರನ್ನು ಕರೆದಿದ್ದಾರೆ. ನಾನು ಹೋಗುತ್ತೇನೆ" ಎಂದರು.

ಮರುವಾರ ಪ್ರದರ್ಶನದ ಸಂಜೆ ವೆಸ್ಟ್ ಬೇಯ ಸಭಾಂಗಣದ ಹಿಂದಿನ ಸಾಲಿನಲ್ಲಿ ನಾನೂ ವಸಂತಕ್ಕನೂ ಕುಳಿತಿದ್ದೆವು. ಹದ್ದಿನ ಕತೆ ಕೇಳಲು ಬಂದವರ ಮುಂದೆ ಮುದುಕರು ಹನ್ನೊಂದು ತಾರೀಕುಗಳನ್ನು ಒಂದೊಂದಾಗಿ ಓದತೊಡಗಿದರು. ಯಾರು ಬೆಂಕಿಯೊಡನೆ ಬಿದ್ದರು, ಯಾರು ಪ್ಯಾರಾಚೂಟ್ ಬಿಚ್ಚಿ ಉಳಿದರು, ಯಾರ ಹೆಸರು ಯುದ್ಧದ ನಂತರ ತಿಳಿಯಿತು, ಯಾರದು ತಿಳಿಯಲೇ ಇಲ್ಲ ಎಂದು ಹೇಳುತ್ತ ಹೋದರು. ಮುಂದಿನ ಸಾಲಿನ ಕೆಲವರು ಗಡಿಯಾರ ನೋಡಿ ಎದ್ದುಹೋದರು. ಐದನೆಯದನ್ನು ಓದುವ ಹೊತ್ತಿಗೆ ರಾಲ್ಫ್‌ನ ಕಚೇರಿಯವರು ಯಾರೋ ಮೈಕ್ ಆರಿಸಿಬಿಟ್ಟರು.

ಬ್ರೆಮ್ ಸಾಹೇಬರು ಸತ್ತ ಮೈಕನ್ನು ಒಮ್ಮೆ ನೋಡಿ ಪಕ್ಕಕ್ಕೆ ತಳ್ಳಿದರು. ಗಾಲಿಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು ನಿಂತರು. ರೋಸಲಿನ್ ಅವರ ಬೆನ್ನಿಗೆ ಅಂಗೈ ಕೊಟ್ಟು ನಿಂತಳು.

"ಆರನೆಯದು" ಎಂದರು, ಇದ್ದಷ್ಟೇ ಧ್ವನಿಯಲ್ಲಿ.

ಹಿಂದಿನ ಸಾಲುಗಳಲ್ಲಿ ಕುರ್ಚಿ ಸರಿಯುವ ಸದ್ದಾಯಿತು. ಇವರೂ ಹೊರಟರೆಂದುಕೊಂಡೆ. ಅವರು ಕುರ್ಚಿಗಳನ್ನು ಎತ್ತಿಕೊಂಡು ಮುಂದೆ ಬರುತ್ತಿದ್ದರು.