ಗುಲಾಬಿ ನೇಲ್ ಪಾಲಿಶ್

ಮೊಹಸಿನನ ಹೆಬ್ಬೆರಳಿನ ಉಗುರಿಗೆ ಗುಲಾಬಿ ನೇಲ್ ಪಾಲಿಶ್ ಇತ್ತು. ಕಂಡ ಕೂಡಲೇ ನನಗೆ ಮೈಯೆಲ್ಲ ಉರಿಯಿತು.

ಮುಂಡರಗಿ ಬಸ್ ಸ್ಟ್ಯಾಂಡಿನ ಎದುರು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಅವನದು. ಟೈಪ್ ಮಾಡುವವಳು ನಾನು. ಪಕ್ಕದ್ದು ಮುನ್ನಿಯ ಬಳೆ ಅಂಗಡಿ. ನಿನ್ನೆ ಸಂಜೆ ಇವನು ಅಲ್ಲಿ ನೇಲ್ ಪಾಲಿಶ್ ಕೊಳ್ಳುವುದನ್ನು, ಅವಳು ಕಿಸಿಕಿಸಿ ನಗುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆ. ನಾನಂತೂ ಅದನ್ನು ಹಚ್ಚುವುದಿಲ್ಲ. ಹಚ್ಚಿದರೆ ಉಗುರಿಗೆ ನೀರು ತಾಗದೆ, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವುಜು ಆಗುವುದಿಲ್ಲ. ಅದು ಅವನಿಗೂ ಗೊತ್ತು. ಹಾಗಾದರೆ ಯಾರಿಗೆ? ಬಸ್ಸು ನಮ್ಮೂರು ಡಂಬಳ ಮುಟ್ಟುವವರೆಗೂ ಅದೇ ಯೋಚನೆ.

"ಉಗುರು ಭಾಳ ಚಂದ ಕಾಣ್ತೈತಿ. ಮುನ್ನಿ ಹಚ್ಚಿದ್ಲೇನ್ರಿ?"

ಅವನು ಬೆರಳನ್ನು ಅಂಗಿಗೆ ಒರೆಸಿಕೊಂಡ. ಒಣಗಿದ ಬಣ್ಣ ಹೋದೀತೇ? "ಹೂಂ. ಬಣ್ಣ ತೋರ್ಸಾಕ ಹಚ್ಚಿದ್ಲು."

"ಕೈ ಹಿಡದು?"

"ಕೈ ಹಿಡೀದ ಹೆಂಗ ಹಚ್ತಾರ?"

ಎಷ್ಟು ಸಲೀಸಾಗಿ ಹೇಳಿದ!

"ನಾಳಿ ಲಕ್ಷ್ಮೇಶ್ವರದವ್ರು ನನ್ನ ನೋಡಾಕ ಬರ್ತಾರ. ಒಪ್ಕೋತೀನಿ," ಎಂದೆ. "ಟೈಪ್ ಮಾಡಾಕ ಮುನ್ನೀನ ಕರ್ಕೋರಿ."

ಅವನ ಮುಖ ಸಪ್ಪಗಾಯಿತು. ಕೀಬೋರ್ಡಿನ ಮೇಲೆ ಮುಚ್ಚಿದ್ದ ಪೇಪರ್ ಸರಿಸಿದ.

ಹೋದ ವಾರ ಗದಗಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದ ಹಳೇ ಕೀಬೋರ್ಡು ಅದು. ಯಾವ ದೇಶದ್ದೋ! Y ಎಂದು ಬರೆದದ್ದನ್ನು ಒತ್ತಿದರೆ Z ಬರುತ್ತಿತ್ತು. ಒಂದು ಕಡೆ ತಲೆ ಮೇಲೆ ಎರಡು ಚುಕ್ಕಿ ಹೊತ್ತ U, ಇನ್ನೊಂದು ಕಡೆ ಬಾಲ ಬಿಟ್ಟಂಥ B. ಇಮೇಲಿಗೆ ಬೇಕಾದ @ ಎಲ್ಲಿದೆಯೋ ಸಿಗದೆ ದಿನಾ ಅದನ್ನು ಬೈಯುತ್ತಿದ್ದೆ.

ಈಗ ಆ ಕರಿ ಗುಂಡಿಗಳ ಮೇಲೆ ಗುಲಾಬಿ ಬಣ್ಣದಲ್ಲಿ ಸರಿಯಾದ ಅಕ್ಷರಗಳಿದ್ದವು. 2ರ ಮೇಲೆ ಸೊಟ್ಟಗೆ ಒಂದು @ ಕೂಡ.

"ಪೆನ್ನಿಲೆ ಬರದ್ರ ಅಳಸಿ ಹೋಗ್ತೈತಿ, ಇದು ನಿಲ್ತೈತಿ," ಎಂದ. "ನೀ ಒದ್ದಾಡೋದು ನೋಡಾಕ ಆಗ್ಲಿಲ್ಲ."

ಸಿಟ್ಟು ಇಳಿಯಿತು. ಹೊಟ್ಟೆಕಿಚ್ಚು ಇಳಿಯಲಿಲ್ಲ. "ಆಕೀ ಅಂಗಡೀನ ಬೇಕಾಗಿತ್ತೇನ್ರಿ?"

"ಇನ್ನ ಹೋಗಂಗಿಲ್ಲ. ಅಸ್ಮಾ, ಅವ್ರನ್ನ ಒಪ್ಕೋಬ್ಯಾಡ."

"ಯಾಕ?" ಗೊತ್ತಿದ್ದೂ ಕೇಳಿದೆ. ಅವನ ಬಾಯಿಂದಲೇ ಬರಬೇಕಿತ್ತು.

"ನಿನ್ನ ಬಿಟ್ಟು ನನಗ ಇರಾಕ ಆಗಂಗಿಲ್ಲ."

ಮೊಬೈಲ್ ತೆಗೆದು ಮನೆಗೆ ಫೋನ್ ಹಚ್ಚಿದೆ. "ಅಮ್ಮಿ, ಲಕ್ಷ್ಮೇಶ್ವರದವ್ರಿಗೆ ಬರಬ್ಯಾಡ್ರಿ ಅಂತ ಹೇಳು." ಅಮ್ಮಿ ಕೂಗಾಡತೊಡಗಿದಳು. ಫೋನನ್ನು ಮೊಹಸಿನನ ಕೈಗಿಟ್ಟೆ. "ಯಾಕಂತ ಕೇಳಾಕತ್ತಾಳ. ನೀವೇ ಹೇಳ್ರಿ."

ಅವನು ಎದ್ದು ನಿಂತ, ಕೂದಲು ಸರಿಮಾಡಿಕೊಂಡ. "ಸಲಾಮ್, ಖಾಲಾ... ನಿಮ್ಮ ಅಸ್ಮಾನ್ನ... ನನಗ ಕೊಡ್ರಿ."

"ಇನ್ನೂ ಜೋರಾಗಿ ಹೇಳ್ರಿ," ಎಂದೆ. "ಬಳಿ ಅಂಗಡಿತನಕ ಕೇಳಸ್ಲಿ."