ಹೂವಿನ ಗೋದಾಮಿನ ಉಕ್ಕಿನ ಬಾಗಿಲು

ಸೊಂಟದೆತ್ತರಕ್ಕೆ ಏರಿ ಅಲ್ಲಿಯೇ ಓರೆಯಾಗಿ ಸಿಕ್ಕಿಕೊಂಡಿದ್ದ ದೊಡ್ಡ ಬಾಗಿಲಿನ ಆಚೆ ಎರಡು ಪಾದಗಳು ಬಂದು ನಿಂತವು. ದಪ್ಪ ಅಟ್ಟೆಯ ಬೂಟು, ಅದರ ಮೇಲೆ ಮಡಿಚಿದ ನೀಲಿ ಪ್ಯಾಂಟು. ಅಷ್ಟನ್ನು ಕಂಡೊಡನೆಯೇ ಹೂವಿನ ವ್ಯಾಪಾರಿ ಕೈಯಲ್ಲಿದ್ದ ಗುಲಾಬಿಯ ಕಟ್ಟನ್ನು ಕೆಳಗಿಟ್ಟು, ಬಗ್ಗಿ, ಗಿರಾಕಿಗಳಿಗೆಂದೇ ಮೀಸಲಿಟ್ಟ ಸವಿದನಿಯಲ್ಲಿ ಕರೆದ.

"ಬನ್ನಿ ಬನ್ನಿ, ಸ್ವಲ್ಪ ಬಗ್ಗಿ ಒಳಗೆ ಬನ್ನಿ. ಯಾವ ಹೂವು ಬೇಕಿತ್ತು? ಮದುವೆಗಾ?"

"ನಾನು ಈ ಬಾಗಿಲಿನ ಕೆಳಗೆ ಬಗ್ಗೋದಿಲ್ಲ," ಎಂದಿತು ಹೊರಗಿನ ಹೆಣ್ಣುದನಿ. "ನೀವೂ ಬಗ್ಗಬೇಡಿ. ಮೊದಲು ಆ ತಲೆ ಒಳಗೆ ತಗೊಳ್ಳಿ."

ಅವನು ಗಾಬರಿಯಿಂದ ತಲೆಯನ್ನು ಹಿಂದಕ್ಕೆ ಎಳೆದುಕೊಂಡ. ಪಕ್ಕದ ಕಿರುಬಾಗಿಲಿನಿಂದ ಅವಳು ಒಳಗೆ ಬಂದಳು. ಹೆಗಲಲ್ಲಿ ಸಲಕರಣೆಗಳ ಚೀಲ. ಎತ್ತಿ ಕಟ್ಟಿದ ಕೂದಲು. ಗೋದಾಮಿನ ತಂಪಿಗೆ ಆಗಲೇ ಕೆಂಪೇರತೊಡಗಿದ ಮೂಗಿನ ತುದಿ.

"ಮದುವೆಗಲ್ಲ, ರಿಪೇರಿಗೆ. ನಿಮ್ಮಕ್ಕ ಫೋನ್ ಮಾಡಿದ್ರು," ಎಂದು ಚೀಲವನ್ನು ಕೆಳಗಿಟ್ಟವಳು ಬಾಗಿಲಿನ ಹಳಿಯ ಮೇಲೆ ಬೆರಳಾಡಿಸಿದಳು. ಬೆರಳು ಕಪ್ಪಾಯಿತು. ಹುಬ್ಬು ಮೇಲೇರಿತು. "ಈ ಹಳಿಗೆ ಗ್ರೀಸ್ ಬಳಿದ ಪುಣ್ಯಾತ್ಮರು ಯಾರು?"

"ನಾನೇ. ಬಾಗಿಲು ಕಿರುಗುಟ್ತಿತ್ತು. ಪಾಪ ಅನ್ನಿಸ್ತು."

"ಪಾಪ ಅನ್ನಿಸಿದ್ರೆ ಕೀಲುಗಳಿಗೆ ಎಣ್ಣೆ ಬಿಡಿ, ಸ್ಪ್ರಿಂಗಿಗೆ ಬಿಡಿ, ಗಾಲಿಯ ಬೇರಿಂಗಿಗೆ ಬಿಡಿ. ಹಳಿಯನ್ನ ಮಾತ್ರ ಒಣಬಟ್ಟೆಯಲ್ಲಿ ಒರೆಸಿ ಸುಮ್ಮನಿದ್ದುಬಿಡಿ. ಗ್ರೀಸ್ ಇದ್ದ ಕಡೆ ಧೂಳು ಕೂರುತ್ತೆ, ಧೂಳು ಕೂತ ಕಡೆ ಗಾಲಿ ನಿಲ್ಲುತ್ತೆ."

ಒಳಗಿನ ಮೇಜಿನ ಹಿಂದಿನಿಂದ ಅಕ್ಕನ ನಗು ಕೇಳಿಸಿತು. ತಂದೆ ಬಿಟ್ಟುಹೋದ ವ್ಯಾಪಾರವನ್ನು ತಮ್ಮನ ಜೊತೆ ನಡೆಸುತ್ತಿದ್ದ ಅಕ್ಕನಿಗೆ ಅವನನ್ನು ಬೇರೆಯವರು ಬೈಯುವುದನ್ನು ಕೇಳುವಷ್ಟು ಸುಖ ಇನ್ನೊಂದಿರಲಿಲ್ಲ.

"ಇನ್ನೆರಡು ಬೈದು ಹೋಗು ತಾಯಿ," ಎಂದಳು ಅಕ್ಕ. "ನನ್ನ ಬಾಯಿಗಾದ್ರೂ ರಜ ಸಿಗಲಿ."

ಬಾಗಿಲಿನ ನೆತ್ತಿಯ ಮೇಲೆ ಅಡ್ಡಲಾಗಿ ಒಂದು ಉಕ್ಕಿನ ದಂಡ, ಅದನ್ನು ಸುತ್ತಿಕೊಂಡ ಎರಡು ದಪ್ಪ ಸ್ಪ್ರಿಂಗ್ ಸುರುಳಿಗಳು. ಇಷ್ಟು ವರ್ಷ ಅವುಗಳ ಕೆಳಗೆಯೇ ಓಡಾಡಿದ್ದರೂ ಅವನು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ. ಬಾಗಿಲನ್ನು ಎತ್ತುವುದು ಮೋಟಾರು ಎಂದೇ ಅವನ ಎಣಿಕೆ; ಹಾಗೆಂದು ಹೇಳಿಯೂಬಿಟ್ಟ.

"ಮೋಟಾರ್ ಬರೀ ಕೈ ಹಿಡಿದು ನಡೆಸುತ್ತೆ. ಭಾರ ಹೊರೋದು ಇವು," ಎಂದು ಅವಳು ಬಾಗಿಲನ್ನು ಇಳಿಸಿ ಭದ್ರಪಡಿಸಿ ಏಣಿ ಏರಿದಳು. ಸುರುಳಿಯ ಎದುರಿಗೆ ನಿಲ್ಲದೆ, ಒಂದು ಬದಿಗೆ ಸರಿದು ನಿಂತಳು. ಎರಡು ಸಲಾಕೆಗಳು ಸರದಿಯಂತೆ ಸುರುಳಿಯ ತುದಿಯ ರಂಧ್ರಗಳನ್ನು ಹೊಕ್ಕವು. ಒಂದು ಸಲಾಕೆಯನ್ನು ಕಾಲು ಸುತ್ತು ಎಳೆದು ಹಿಡಿದರೆ, ಇನ್ನೊಂದು ಬಂದು ಅದರ ಭಾರವನ್ನು ವಹಿಸಿಕೊಳ್ಳುತ್ತಿತ್ತು. ಉಕ್ಕು ನರಳಿತು. ಆ ಸುರುಳಿಯಲ್ಲಿ ತುಂಬುತ್ತಿದ್ದ ಬಲ ಒಂದು ಕ್ಷಣ ಕೈತಪ್ಪಿದರೆ ಸಲಾಕೆ ಹಾರಿ ಗೋಡೆಗೆ ನಾಟಿಕೊಂಡೀತು. ಆದರೂ ಅವಳ ಮುಖದಲ್ಲಿದ್ದುದು ಮಲಗಿದ ಮಗುವಿಗೆ ಹೊದಿಸುವವರ ಮುಖದ ನಿಧಾನ.

"ಉಸಿರಾಡಿ," ಎಂದಳು, ತಿರುಗಿ ನೋಡದೆಯೇ. "ನೀವು ಉಸಿರು ಬಿಗಿಹಿಡಿದ್ರೆ ಸ್ಪ್ರಿಂಗಿಗೇನೂ ಸಹಾಯ ಆಗಲ್ಲ."

ಅವನು ಉಸಿರಾಡಿದ. ಆದರೆ ಅದು ಹಿಂದಿನ ಉಸಿರಾಗಿರಲಿಲ್ಲ.

ಅಂದಿನ ದುರಸ್ತಿ ತೇಪೆಯಷ್ಟೇ ಎಂದು ಅವಳು ಮೊದಲೇ ಹೇಳಿದ್ದಳು. ಬಾಗಿಲಿಗೆ ವಯಸ್ಸಾಗಿತ್ತು. ಹಲಗೆಗಳು ಸೊಟ್ಟಗಾಗಿದ್ದವು, ತಳದ ರಬ್ಬರು ಹರಿದಿತ್ತು. ಹೀಗಾಗಿ ಅವಳು ವಾರಕ್ಕೊಮ್ಮೆ ಬರತೊಡಗಿದಳು. ಅಕ್ಕ ಅವಳಿಗೆ ಬಾಗಿಲಮ್ಮ ಎಂದು ಹೆಸರಿಟ್ಟಳು. ಬಾಗಿಲಮ್ಮ ಬರುವ ದಿನ ತಮ್ಮ ಇಸ್ತ್ರಿಯ ಅಂಗಿ ತೊಡುತ್ತಾನೆಂಬುದೂ ಅಕ್ಕನ ಗಮನಕ್ಕೆ ಬಂತು.

ಅವನು ಪ್ರತಿ ಸಲವೂ ತೊಟ್ಟು ಬಾಗಿ ಮಾರಾಟಕ್ಕೆ ಒದಗದ ಒಂದು ಹೂವನ್ನು ಅವಳಿಗೆ ಕೊಡುತ್ತಿದ್ದ. ಅವಳು ಅದನ್ನು ಸ್ಪ್ಯಾನರುಗಳ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ಇವತ್ತಿನದರ ತೊಟ್ಟು ಬಾಗಿಯೇ ಇಲ್ಲವಲ್ಲ?" ಎಂದು ಒಮ್ಮೆ ಒಂದು ಬಿಳಿಯ ಲಿಲ್ಲಿಯನ್ನು ತಿರುಗಿಸಿ ನೋಡಿ ಕೇಳಿದಳು.

"ಸರಿಯಾಗಿ ನೋಡಿ, ಸ್ವಲ್ಪ ಬಾಗಿದೆ."

ಅವಳು ನೋಡಿದಳು. ಹೂವನ್ನಲ್ಲ, ಅವನನ್ನು. ತುಟಿಯ ಒಂದು ಕೊನೆ ಮಾತ್ರ ನಕ್ಕಿತು. "ಹೌದು. ಸ್ವಲ್ಪ ಏನು, ಚೆನ್ನಾಗೇ ಬಾಗಿದೆ."

ಬೇಸಗೆ ಹತ್ತಿರವಾಯಿತು. ಲಾರಿ ಬಂದಾಗಲೆಲ್ಲ ಬಾಗಿಲಿನ ಸಂದಿನಿಂದ ಬಿಸಿಗಾಳಿ ನುಗ್ಗಿ, ಕಣ್ಣು ಮುಚ್ಚಿ ಪಯಣಿಸಬೇಕಾದ ಮೊಗ್ಗುಗಳು ಗೋದಾಮಿನಲ್ಲಿಯೇ ಕಣ್ಣು ತೆರೆಯತೊಡಗಿದವು. ಹೊಸ ಬಾಗಿಲನ್ನು ಆರಿಸಲೇಬೇಕಾಯಿತು. ಅವಳು ಮಾದರಿಯ ತುಂಡುಗಳನ್ನು ಮೇಜಿನ ಮೇಲಿಟ್ಟಳು.

"ಇದು ಸುತ್ತಿಕೊಳ್ಳೋ ಷಟರ್. ಗಟ್ಟಿ ಇದೆ, ಜಾಗ ತಿನ್ನಲ್ಲ. ಆದ್ರೆ ತೆಳುವಾದ ತಗಡು, ನಿಮ್ಮ ತಂಪೆಲ್ಲ ಬೀದಿಗೆ ಹೋಗುತ್ತೆ. ಅದೂ ಅಲ್ಲದೆ ದಿನವಿಡೀ ಏರಿಳಿಯೋ ಬಾಗಿಲು ನಿಮ್ಮದು, ಈ ಮಾದರಿ ಅಷ್ಟನ್ನ ತಾಳಲ್ಲ. ಮೇಲಿಂದ ಮೇಲೆ ನನ್ನನ್ನ ಕರೀತಿರಬೇಕಾಗುತ್ತೆ."

ಅವನ ಕಿವಿ ನೆಟ್ಟಗಾಯಿತು.

"ಇದು ನೋಡಿ," ಎಂದು ಅವಳು ದಪ್ಪ ಹಲಗೆಯ ತುಂಡನ್ನು ಅವನ ಅಂಗೈಯಲ್ಲಿಟ್ಟಳು. ಎರಡು ಉಕ್ಕಿನ ಹಾಳೆಗಳ ನಡುವೆ ಒತ್ತೊತ್ತಾಗಿ ತುಂಬಿದ ಫೋಮು. "ಹಲಗೆಗೆ ಹಲಗೆ ಕೂಡಿಕೊಳ್ಳುತ್ತೆ, ಗಾಳಿ ನುಸುಳಲ್ಲ. ಲಾರಿ ಎತ್ತರವಾಗಿರೋದ್ರಿಂದ ಹಳಿಯನ್ನ ಸೂರಿನವರೆಗೆ ಏರಿಸಿ ಕೊಡ್ತೀನಿ. ಹೆಚ್ಚು ಬಾಳಿಕೆಯ ಸ್ಪ್ರಿಂಗ್. ಇದನ್ನ ಹಾಕಿಸಿದ್ರೆ..." ಅವಳು ತುಸು ತಡೆದಳು. "ವರ್ಷಕ್ಕೆ ಎರಡು ಸಲ ನಾನು ಬಂದ್ರೆ ಸಾಕು."

"ಎರಡೇ ಸಲಾನಾ?"

"ಒಳ್ಳೆ ಬಾಗಿಲು ಅಂದ್ರೆ ಅದೇ."

ಅವನು ಷಟರಿನ ತಗಡನ್ನು ಎತ್ತಿಕೊಂಡ. ಅದು ನೋಡಲು ಚೆನ್ನಾಗಿದೆ ಎಂದ, ಹಗುರವಾಗಿದೆ ಎಂದ, ಬಣ್ಣ ಹಿಡಿಸಿತು ಎಂದ. ಅವನ ಒಂದೊಂದು ಮಾತಿಗೂ ಅವಳ ಮುಖ ಒಂದೊಂದು ಹಂತ ಮುಚ್ಚಿಕೊಳ್ಳುತ್ತ ಬಂತು.

"ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ ಅಂದ್ರೆ ನೇರವಾಗಿ ಹೇಳಿ. ನಿಮಗಿಷ್ಟವಾದ ತಗಡನ್ನ ಹಾಕೋಕೆ ಬೇರೆ ಯಾರಾದ್ರೂ ಸಿಗ್ತಾರೆ. ನನ್ನ ಕೈಯಿಂದ ಅದು ಆಗಲ್ಲ." ಅವಳು ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಬಿಟ್ಟಳು. ಅಂದು ಕೊಡಬೇಕಾಗಿದ್ದ ಹೂವು ಅವನ ಕೈಯಲ್ಲಿಯೇ ಉಳಿಯಿತು.

"ನೀನು ಬಾಗಿಲು ಆರಿಸ್ತಿರಲಿಲ್ಲ ಕಣೋ," ಎಂದಳು ಅಕ್ಕ, ಈ ಸಲ ನಗದೆ. "ಅವಳು ಬರೋ ದಿನಗಳನ್ನ ಆರಿಸ್ತಿದ್ದೆ. ಅದಕ್ಕೆ ಅವಳ ಕೆಲಸವನ್ನೇ ಕೀಳು ಮಾಡಿಬಿಟ್ಟೆಯಲ್ಲೋ, ಪೆದ್ದ."

ಅವನು ಕೈಯಲ್ಲಿದ್ದ ಹೂವನ್ನು ಬಕೆಟ್ಟಿಗೆ ಮರಳಿಸಿದ. ಆ ಮಧ್ಯಾಹ್ನವೆಲ್ಲ ಹೊತ್ತಿಗೆ ಮುನ್ನವೇ ಅರಳಿದ ಲಿಲ್ಲಿಗಳ ನಡುವೆ ಕುಳಿತಿದ್ದ. ಕೆಟ್ಟ ಬಾಗಿಲೊಂದರ ದಯೆಯಿಂದ ಅವಳನ್ನು ಕಾಣುತ್ತಲೇ ಇರಬಹುದು. ಆದರೆ ಪ್ರತಿ ಸಲವೂ ಅವಳು ತಾನು ಮೆಚ್ಚದ ಕೆಲಸದ ಎದುರು ನಿಂತು ತಲೆ ತಗ್ಗಿಸಬೇಕು. ಒಳ್ಳೆಯ ಬಾಗಿಲಾದರೆ ಅವಳು ತಲೆಯೆತ್ತಿಯೇ ಹೋಗುತ್ತಾಳೆ, ಮತ್ತೆ ಬರಲು ಕಾರಣವೇ ಉಳಿಯದಂತೆ. ಸಂಜೆಯ ಹೊತ್ತಿಗೆ ಅವನು ಫೋನ್ ಮಾಡಿದ.

"ನೀವು ಹೇಳಿದ್ದನ್ನೇ ಹಾಕಿ. ಅದೇ ಸ್ಪ್ರಿಂಗ್, ಅದೇ ಹಳಿ. ಒಂದನ್ನೂ ಕಡಿಮೆ ಮಾಡಬೇಡಿ."

"ಸರಿ," ಎಂದಳು. ಆ ಒಂದು ಮಾತಿನಲ್ಲಿ ಗೆಲುವಿತ್ತು. ಗೆದ್ದವರ ಸಂತೋಷ ಮಾತ್ರ ಇರಲಿಲ್ಲ.

ಹೊಸ ಬಾಗಿಲು ನಿಂತ ದಿನ ಮೂವರೂ ಅದರ ಮುಂದೆ ಬಂದು ನಿಂತರು. ಎರಡು ಆಳೆತ್ತರವನ್ನೂ ಮೀರಿದ ಬೂದುಬಣ್ಣದ ಗೋಡೆ. ತಳದಲ್ಲಿ ಬೆಳಕಿನ ಒಂದು ಗೆರೆಯೂ ಇಲ್ಲ. ಅವಳು ಮೋಟಾರಿನಿಂದ ಇಳಿಬಿಟ್ಟಿದ್ದ ಕೆಂಪು ಹಗ್ಗವನ್ನೆಳೆದು, ಬಾಗಿಲನ್ನು ಅದರ ಹಿಡಿತದಿಂದ ಬಿಡಿಸಿದಳು.

"ಸ್ಪ್ರಿಂಗ್ ಸರಿಯಾಗಿದ್ರೆ ಬಾಗಿಲಿಗೆ ತೂಕವೇ ಇರಲ್ಲ. ಎತ್ತಿ ನೋಡಿ."

"ನಾನಾ? ಇಷ್ಟು ದೊಡ್ಡದನ್ನಾ?"

"ಒಂದೇ ಕೈ ಸಾಕು."

ಅವನು ಹಿಡಿಕೆಗೆ ಅಂಗೈ ಕೊಟ್ಟ. ಲಾರಿಯಲ್ಲಿ ಹೇರಿ ತರಬೇಕಾಗಿ ಬಂದಿದ್ದ ಆ ಉಕ್ಕಿನ ರಾಶಿ ನಿದ್ದೆಯಲ್ಲಿ ಉಸಿರೆಳೆದುಕೊಂಡಂತೆ ಸದ್ದಿಲ್ಲದೆ ಮೇಲೆದ್ದಿತು. ಎದೆಯ ಮಟ್ಟಕ್ಕೆ ಬಂದಾಗ ಅವಳು "ಈಗ ಬಿಡಿ" ಎಂದಳು. ಬಿಡಲು ಅವನಿಗೆ ಧೈರ್ಯ ಸಾಲಲಿಲ್ಲ. ಅವಳು ಮೆಲ್ಲನೆ ಅವನ ಬೆರಳುಗಳನ್ನು ಹಿಡಿಕೆಯಿಂದ ಬಿಡಿಸಿದಳು.

ಬಾಗಿಲು ಏರಲಿಲ್ಲ, ಇಳಿಯಲೂ ಇಲ್ಲ. ಯಾರ ಆಸರೆಯೂ ಇಲ್ಲದೆ ಗಾಳಿಯ ನಡುವೆ ನಿಂತಿತು. ಅದರ ಕೆಳಗಿನಿಂದ ಹೊರಗಿನ ಬೆಳಕು ಹೂವಿನ ಬಕೆಟ್ಟುಗಳವರೆಗೂ ಹರಿದು ಬಂತು. ಅವನ ಕಣ್ಣು ತುಂಬಿತು. ಅಷ್ಟು ದೊಡ್ಡ ಭಾರ ಅಷ್ಟು ಶಾಂತವಾಗಿ ಇರಬಲ್ಲದೆಂದು ಅವನಿಗೆ ತಿಳಿದಿರಲಿಲ್ಲ.

"ನನಗೊಂದು ಗಿರಾಕಿ ಫೋನ್ ಬಂತು," ಎಂದು, ಬಾರದ ಫೋನನ್ನು ಕಿವಿಗೊತ್ತಿಕೊಂಡು ಅಕ್ಕ ಒಳಗೆ ಹೋದಳು.

"ಆ ತಗಡು ನನಗೆ ಇಷ್ಟವಾಗಿರಲಿಲ್ಲ," ಎಂದ ಅವನು. "ಅದು ಪದೇಪದೇ ಕೆಡುತ್ತೆ ಅಂದ್ರಲ್ಲ, ಅದಷ್ಟೇ ಇಷ್ಟವಾಗಿದ್ದು. ನೀವು ಬರ್ತಿರಬೇಕಿತ್ತು. ನನಗೆ ನೀವು ಬೇಕಿತ್ತು. ಇದನ್ನ ಬಾಗಿಲ ಮೇಲೆ ಹಾಕದೆ ನೇರವಾಗಿ ಹೇಳಬೇಕಿತ್ತು. ಈಗ ಹೇಳ್ತಿದ್ದೀನಿ."

ಅವಳು ಕೈಯಲ್ಲಿದ್ದ ಬಟ್ಟೆಯಿಂದ ಆಗಲೇ ಶುಭ್ರವಾಗಿದ್ದ ಹಳಿಯನ್ನು ಮತ್ತೊಮ್ಮೆ ಒರೆಸಿದಳು.

"ವರ್ಷಕ್ಕೆ ಎರಡು ಸಲ ಅನ್ನೋಕೆ ನನಗೆ ಮನಸ್ಸೇ ಇರಲಿಲ್ಲ. ನೀವು ತಗಡು ನೋಡ್ತಿದ್ರಿ."

"ಹಾಗಿದ್ರೆ ಯಾಕೆ ಹೇಳಿದ್ರಿ?"

"ಕೆಡೋ ಬಾಗಿಲು ಹಾಕಿ ನಿಮ್ಮನ್ನ ನೋಡೋಕೆ ಬರಲಾ? ಆಮೇಲೆ ಯಾವ ಮುಖ ಇಟ್ಕೊಂಡು ನಿಮ್ಮ ಮುಖ ನೋಡ್ಲಿ?"

ಅವಳು ಚೀಲವನ್ನು ಹೆಗಲಿಗೇರಿಸಿದಳು. ವ್ಯಾನಿನ ಬಳಿ ಹೋಗಿ ತಿರುಗಿ ನಿಂತಳು.

"ನಾಳೆ ಬರ್ತೀನಿ."

"ನಾಳೆ ಏನು ಕೆಲಸ?"

"ಏನೂ ಇಲ್ಲ."

ಮರುದಿನ ಬೆಳಗ್ಗೆ ವ್ಯಾನು ಬಂದು ನಿಂತಿತು. ಅವಳು ಬರಿಗೈಯಲ್ಲಿ ಇಳಿದಳು. ಚೀಲವಿಲ್ಲ, ಸಲಾಕೆಯಿಲ್ಲ. ಏಣಿಯ ಮೇಲೆ ಕದಲದೆ ನಿಲ್ಲುತ್ತಿದ್ದ ಆ ಎರಡು ಕೈಗಳು ಅಂದು ಎಲ್ಲಿರಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ, ಒಮ್ಮೆ ಕೂದಲಿಗೆ ಹೋಗಿ ಬರುತ್ತಿದ್ದವು. ಅವನು ಬೆರಗಾಗಿ ಆ ಕೈಗಳನ್ನೇ ನೋಡುತ್ತ, ಹತ್ತಿರ ಹೋಗಿ, ಅವುಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡ.