ಕರಿನಾಲಗೆಯ ಮಾಂತ್ರಿಕನೂ ಹುಚ್ಚೆಳ್ಳಿನ ಹೂವೂ

ಕೆರೆಗಳು ತುಂಬಿ ಕೋಡಿ ಹರಿಯುತ್ತಿದ್ದ ಕಾಲದಲ್ಲಿ ಏಳುಕೆರೆ ಎಂಬ ರಾಜ್ಯವಿತ್ತು. ಒಂದು ಬೆಳಗ್ಗೆ ಅಲ್ಲಿಗೆ ಕರಿನಾಲಗೆಯ ಮಾಂತ್ರಿಕನೊಬ್ಬ ಬಂದ. ಕರಿನಾಲಗೆ ಅಂದರೆ ಬರೀ ಮಾತಿಗಲ್ಲ, ಅವನ ನಾಲಗೆ ಇದ್ದಿಲಿನಷ್ಟು ಕಪ್ಪಗಿತ್ತು. ಬೆರಳು ತೋರಿಸಿ, ಹೆಸರು ಹಿಡಿದು ‘ಒಣಗು’ ಅಂದರೆ ಸಾಕು, ಎಂಥದ್ದೂ ಒಣಗಿಹೋಗುತ್ತಿತ್ತು. ಹೆಸರು ತಪ್ಪಿದರೆ ಮಾತ್ರ ಮಂತ್ರ ಅವನ ಮೈಗೇ ತಿರುಗುತ್ತಿತ್ತು. ಅದನ್ನೂ ಅವನೇ ಜಂಬದಿಂದ ಸಾರಿದ. ಲೋಕದ ಹೆಸರೆಲ್ಲ ಅವನಿಗೆ ಬಾಯಿಪಾಠ, ಇನ್ನೇನು ಭಯ?

ಕೋಟೆಯ ಮೇಲೆ ನಿಂತು ಏಳು ಕೆರೆಗಳನ್ನು ಕರೆದ. ಏಳೂ ಬಿರುಕುಬಿಟ್ಟವು. ಮಾವನ್ನು ಕರೆದ, ಭತ್ತವನ್ನು ಕರೆದ, ಎಳ್ಳನ್ನು ಕರೆದ. ಒಂದೊಂದಾಗಿ ಎಲ್ಲವೂ ಒಣಗಿಹೋದವು.

ಆಮೇಲೆ ಪೇಟೆಗೆ ಇಳಿದ. ಗಾಣದ ಮಾಳವ್ವೆಯ ಮಗಳು, ಏಳು ವರ್ಷದ್ದು, ಬಾಗಿಲಲ್ಲಿ ನಿಂತಿದ್ದಳು.

“ಮರಿ, ನಿನ್ನ ಹೆಸರೇನಮ್ಮ?” ಎಂದ, ಬೆಣ್ಣೆಯಂಥ ದನಿಯಲ್ಲಿ.

“ಚಂದಲೆ,” ಅಂದಿತು ಮಗು.

“ಚಂದಲೆ, ಒಣಗು.”

ಅಯ್ಯೋ, ಮಗು ನಿಂತಲ್ಲೇ ಒಣಗಿ ಕಟ್ಟಿಗೆಯಾಯಿತು. ಮಾಳವ್ವೆ ಓಡಿಬಂದು ಕೆನ್ನೆ ಮುಟ್ಟಿದರೆ ಕೈಗೆ ತೊಗಟೆ ಸಿಕ್ಕಿತು.

“ನಾಳೆ ಮಧ್ಯಾಹ್ನ ಈ ಕಟ್ಟಿಗೆಯನ್ನೆಲ್ಲ ಒಲೆಗೆ ಇಡ್ತೀನಿ,” ಎಂದ ಆ ಪಾಪಿ. “ನಾನು ಕರೆದರೂ ಒಣಗದ ಒಂದು ಗಿಡ ಇದ್ದರೆ ಅಷ್ಟರೊಳಗೆ ತಂದು ತೋರಿಸಿ, ಎಲ್ಲ ಬಿಟ್ಟು ಹೋಗ್ತೀನಿ.”

ಆ ಹೊತ್ತಿನಿಂದ ಊರಲ್ಲಿ ಯಾರೂ ಯಾರ ಹೆಸರೂ ಎತ್ತಲಿಲ್ಲ. ಗಂಡನ ಹೆಸರು ಹೇಳದ ಹೆಂಗಸರಿಗೆ ಅದು ರೂಢಿಯೇ, ಪಾಪ, ಗಂಡಸರೇ ತಡವರಿಸಿದರು.

ಮರುದಿನ ಬೆಳಗಾಗುತ್ತಲೇ ಮಾಳವ್ವೆ ಹಸಿರು ಹುಡುಕುತ್ತ ಹೊರಟಳು. ತೋಟದಲ್ಲಿಲ್ಲ, ಗದ್ದೆಯಲ್ಲಿಲ್ಲ. ಗುಡ್ಡದ ಹಿಂದಿನ ಕಲ್ಲುಭೂಮಿಗೆ ಹೋದವಳು ದಂಗಾಗಿ ನಿಂತಳು. ಎಳ್ಳಿನ ಸಾಲು ಒಣಗಿ ಕರಕಲಾಗಿತ್ತು. ಅದರ ಪಕ್ಕದಲ್ಲೇ ಹುಚ್ಚೆಳ್ಳು ಹಳದಿ ಹೂವು ಬಿಟ್ಟು ನಗುತ್ತಿತ್ತು. ಕೆರೆಯ ನೀರಿಲ್ಲ, ಮಳೆಯಿಲ್ಲ, ಬರೀ ಇಬ್ಬನಿ.

ಗಾಣ ಆಡಿಸುವವಳಿಗೆ ಕಾಳಿನ ಗುಟ್ಟು ಗೊತ್ತಿರುವುದಿಲ್ಲವೇ? ಇದರ ಹೆಸರಲ್ಲಿ ಎಳ್ಳಿದೆ, ಗಿಡದಲ್ಲಿ ಇಲ್ಲ. ಹೂವು ನೋಡಿದರೆ ಸೇವಂತಿಗೆಯ ಒಡಹುಟ್ಟು. ಅಂದಮೇಲೆ ಇದರ ಹೆಸರೇ ತಪ್ಪು, ಕರೆದವನಿಗೇ ಮಂತ್ರ ತಿರುಗಬೇಕು. ಒಂದು ಗಿಡವನ್ನು ಬೇರುಸಮೇತ ಕಿತ್ತು ಅರಮನೆಗೆ ಓಡಿದಳು.

ಅಲ್ಲಿ ಮಾಂತ್ರಿಕ ಕಟ್ಟಿಗೆ ಒಟ್ಟಿಸುತ್ತಿದ್ದ. ಎಲ್ಲಕ್ಕಿಂತ ಮೇಲೆ ಚಂದಲೆಯನ್ನು ಇಟ್ಟಿದ್ದ.

“ಇಷ್ಟೇನಾ?” ಎಂದು ನಕ್ಕು ಬೆರಳು ತೋರಿಸಿದ. “ಎಳ್ಳೇ, ಒಣಗು.”

ಗಿಡ ಅಲುಗಲಿಲ್ಲ. ಅವನ ಕಾಲುಗಳು ಮೊಣಕಾಲಿನವರೆಗೆ ಚಟಚಟನೆ ಒಣಗಿದವು. ರಾಜ ಸಿಂಹಾಸನದಿಂದ ಎದ್ದು ನಿಂತ.

“ಎಳ್ಳಲ್ಲ ಸ್ವಾಮಿ, ಹುಚ್ಚೆಳ್ಳು ಅಂತೀವಿ,” ಎಂದಳು ಮಾಳವ್ವೆ.

“ಹುಚ್ಚೆಳ್ಳೇ, ಒಣಗು.”

ಅದಕ್ಕೆ ಹುಚ್ಚೂ ಇಲ್ಲ, ಅದು ಎಳ್ಳೂ ಅಲ್ಲ. ಈ ಸಲ ಸೊಂಟದವರೆಗೆ ಒಣಗಿದ.

“ಬೇರೆ ಹೆಸರು ಹೇಳೇ,” ಎಂದು ಅರಚಿದ.

“ಕೆಲವರು ಗುರೆಳ್ಳು ಅಂತಾರೆ.”

ಅದರಲ್ಲೂ ಎಳ್ಳಿದೆಯೆಂದು ಆ ಗಾಬರಿಯಲ್ಲಿ ಅವನಿಗೆ ಹೊಳೆಯಲೇ ಇಲ್ಲ. “ಗುರೆಳ್ಳೇ, ಒಣಗು” ಅಂದ. ನೆತ್ತಿಯವರೆಗೂ ಒಣಗಿ, ನಾಲಗೆ ಚಾಚಿದ ಕೊರಡಾಗಿ ಉರುಳಿದ.

ಏಳು ಕೆರೆಗಳಲ್ಲೂ ನೀರು ಉಕ್ಕಿತು. ಮಾವು ಚಿಗುರಿತು. ಚಂದಲೆಯ ಕೆನ್ನೆಯ ತೊಗಟೆ ಉದುರಿತು, ಆದರೆ ಮಗು ಕಣ್ಣು ತೆರೆಯಲಿಲ್ಲ.

“ಹೆಸರು ಹಿಡಿದು ಕರೆಯಮ್ಮ,” ಎಂದ ರಾಜ. “ಕೆರೆ, ಮರ ತಾವೇ ಬಂದವು, ಮನುಷ್ಯರನ್ನು ಮಾತ್ರ ಕರೆದು ಕಳೆದರೆ ಕರೆದೇ ತರಬೇಕು.”

ಮಾಳವ್ವೆ ಹಿಂಜರಿದಳು. ಆ ಹೆಸರೇ ಅಲ್ಲವೇ ಮಗುವನ್ನು ಒಣಗಿಸಿದ್ದು? ಮತ್ತೆ ಕರೆದು ಏನಾದರೂ ಆದರೆ? ಅವಳಿಗೆ ಜೀವ ಹೋಗುವಷ್ಟು ಭಯವಾಯಿತು. ಕೊನೆಗೆ ಮಗುವನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, “ಚಂದಲೆ” ಅಂದಳು.

“ಓ,” ಅಂದಳು ಚಂದಲೆ.

ಏಳುಕೆರೆಯಲ್ಲಿ ಆಮೇಲೆ ಯಾರಿಗೂ ಯಾವ ಕೇಡೂ ಬರಲಿಲ್ಲ, ಎಲ್ಲರೂ ಉಂಡುಟ್ಟು ಹಾಯಾಗಿದ್ದರು. ಮಾಳವ್ವೆ ಮಾತ್ರ ದಿನಕ್ಕೆ ಹತ್ತು ಸಲ ಕೆಲಸವಿಲ್ಲದಿದ್ದರೂ ಮಗಳನ್ನು ಕೂಗುತ್ತಿದ್ದಳು. “ಇಲ್ಲೇ ಇದ್ದೀನಲ್ಲವ್ವಾ,” ಎಂದು ಅವಳು ಹತ್ತು ಸಲವೂ ಬೈಯುತ್ತಿದ್ದಳು.